ಮೊದಲ ಹಡಗೇ ನೂರು ತೋಪಿನದಾಗದಿರಲಿ

ಯುದ್ಧನೌಕೆಯ ದೊಡ್ಡ ಮರದ ಮಾದರಿ ಕಟ್ಟಬೇಕೆಂದು ಮನಸ್ಸು ಮಾಡಿರುವ ಎಲ್ಲರಿಗೂ, ಅಂಥದೊಂದು ಕಿಟ್ಟನ್ನು ತಮ್ಮವರಿಗೆ ಉಡುಗೊರೆ ಕೊಡಲು ಯೋಚಿಸುತ್ತಿರುವ ಮನೆಮಂದಿಗೂ,



ನಿಮ್ಮಲ್ಲಿ ಹಲವರ ಮನಸ್ಸು ಈಗಾಗಲೇ ಒಂದು ಹಡಗಿನ ಮೇಲೆ ನೆಟ್ಟಿದೆ ಎಂದು ಬಲ್ಲೆ. ಹೆಚ್ಚಾಗಿ ಅದು ಇಂಗ್ಲೆಂಡಿನ ವಿಕ್ಟರಿ. 1805ರ ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್ ಪ್ರಾಣ ಬಿಟ್ಟ, ಇಂದಿಗೂ ಪೋರ್ಟ್ಸ್‌ಮತ್‌ನಲ್ಲಿ ಹೋಗಿ ನೋಡಬಹುದಾದ ಹಡಗು. ಅದಲ್ಲದಿದ್ದರೆ ಸ್ವೀಡನ್ನಿನ ವಾಸಾ. ಪೆಟ್ಟಿಗೆಯ ಮೇಲಿನ ಚಿತ್ರವೇ ಹಾಗಿರುತ್ತದೆ: ಸಾಲುಸಾಲು ತೋಪಿನ ಕಿಂಡಿಗಳು, ಜೇಡರ ಬಲೆಯಂತೆ ಹೆಣೆದ ಹಗ್ಗಗಳು, ಹಿಂಬದಿಯಲ್ಲಿ ಕೆತ್ತನೆಯ ಕಿಟಕಿಗಳು. ಇದನ್ನು ನನ್ನ ಕೈಯಾರೆ ಕಟ್ಟಬೇಕು ಎಂಬ ಆಸೆ ಹುಟ್ಟುವುದು ಸಹಜ, ಆ ಆಸೆ ಒಳ್ಳೆಯದು ಕೂಡ. ಅದನ್ನು ಕುಗ್ಗಿಸಲು ಈ ಪತ್ರ ಬರೆಯುತ್ತಿಲ್ಲ. ಆ ಹಡಗು ಒಂದು ದಿನ ನಿಮ್ಮ ಮನೆಯಲ್ಲಿ ಪೂರ್ತಿಯಾಗಿ ನಿಲ್ಲಲಿ ಎಂಬ ಕಾಳಜಿಯಿಂದಲೇ ಒಂದು ಮಾತು ಕೇಳಿಕೊಳ್ಳುತ್ತೇನೆ. ಅದು ನಿಮ್ಮ ಮೊದಲ ಹಡಗಾಗದಿರಲಿ. ಅದಕ್ಕೆ ಮುಂಚೆ ಒಂದು ಸಣ್ಣ ದೋಣಿಯನ್ನೋ, ಒಂದೇ ಹಾಯಿಕಂಬದ ಪುಟ್ಟ ಹಡಗನ್ನೋ ಕಟ್ಟಿ ಮುಗಿಸಿ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ದಯವಿಟ್ಟು ತಾಳ್ಮೆಯಿಂದ ಓದಿ.

ಮೊದಲು ಪೆಟ್ಟಿಗೆಯೊಳಗೆ ಏನಿರುತ್ತದೆ ನೋಡೋಣ. ಹಡಗಿನ ಉದ್ದಕ್ಕೂ ನಿಲ್ಲುವ ಪ್ಲೈವುಡ್ಡಿನ ಬೆನ್ನುಮರ, ಅದರ ಕಚ್ಚುಗಳಲ್ಲಿ ಅಡ್ಡಡ್ಡ ಸಿಕ್ಕಿಸುವ ಚೌಕಟ್ಟುಗಳು, ಮೊದಲ ಹೊದಿಕೆಗೆ ಲೈಮ್ ಮರದ ತೆಳು ಪಟ್ಟಿಗಳು, ಎರಡನೆಯ ಹೊದಿಕೆಗೆ ವಾಲ್‌ನಟ್ಟಿನ ಇನ್ನೂ ತೆಳುವಾದ ಪಟ್ಟಿಗಳು, ಲೋಹದ ತೋಪುಗಳು, ರಾಟೆಗಳು, ದಾರದ ಉಂಡೆಗಳು, ನಕ್ಷೆಗಳು. ಎಲ್ಲವೂ ಕತ್ತರಿಸಿಟ್ಟ ಹಾಗೆ ಕಾಣುವುದರಿಂದ, ಜೋಡಿಸಿದರೆ ಹಡಗಾಗುತ್ತದೆ ಎಂಬ ಭಾವನೆ ಬರುತ್ತದೆ. ಪ್ಲಾಸ್ಟಿಕ್ ಕಿಟ್ಟಿನಲ್ಲಿ ಅದು ನಿಜ. ಅಲ್ಲಿ ಒಡಲಿನ ಆಕಾರವನ್ನು ಕಾರ್ಖಾನೆಯೇ ಎರಕ ಹೊಯ್ದು ಕಳಿಸಿರುತ್ತದೆ. ಮರದ ಕಿಟ್ಟಿನಲ್ಲಿ ಸಿಗುವುದು ನೇರವಾದ ಪಟ್ಟಿಗಳು ಮಾತ್ರ, ಹಡಗಿನ ಒಡಲಿನಲ್ಲೋ ನೇರವಾದ ಗೆರೆ ಹುಡುಕಿದರೂ ಸಿಗುವುದು ಕಷ್ಟ. ಮೂತಿಯ ಹತ್ತಿರ ಅದು ಉಬ್ಬಿ ಒಮ್ಮೆಲೇ ಒಳಕ್ಕೆ ತಿರುಗುತ್ತದೆ. ನಡುವಿನಲ್ಲಿ ಹೊಟ್ಟೆ ಬಿಟ್ಟು ಮೇಲಕ್ಕೆ ಹೋದಂತೆ ಒಳಬಾಗುತ್ತದೆ. ಹಿಂಬದಿಯಲ್ಲಿ ಚುಕ್ಕಾಣಿಯ ಕಡೆಗೆ ಸಣ್ಣಗಾಗುತ್ತಾ ತಿರುಚಿಕೊಳ್ಳುತ್ತದೆ. ಕಿಟ್ ಕಂಪನಿ ನಿಮಗೆ ಮಾರುವುದು ಮರವನ್ನು. ಆಕಾರವನ್ನು ನಿಮ್ಮ ಕೈಯೇ ಕೊಡಬೇಕು. ನನ್ನ ವಾದವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಇದನ್ನು ಒಂದು ಲೆಕ್ಕದಲ್ಲಿ ನೋಡಿ. ಹಡಗಿನ ನಡುಭಾಗದ ಚೌಕಟ್ಟಿನ ಅಂಚಿನುದ್ದಕ್ಕೆ, ಡೆಕ್ಕಿನಿಂದ ಬೆನ್ನುಮರದವರೆಗೆ, ಒಂದು ಕಾಗದದ ಪಟ್ಟಿ ಹಿಡಿದು ಅಳೆದಾಗ 120 ಮಿಲಿಮೀಟರ್ ಬಂತು ಎಂದುಕೊಳ್ಳಿ. ಪಟ್ಟಿಯ ಅಗಲ 5 ಮಿಲಿಮೀಟರ್ ಆದರೆ ಅಲ್ಲಿಗೆ 24 ಪಟ್ಟಿ ಬೇಕು. ಅದೇ ಅಳತೆ ಮೂತಿಯ ಹತ್ತಿರ 72 ಮಿಲಿಮೀಟರ್ ಬಂದರೆ, ಆ 24 ಪಟ್ಟಿಗಳೂ ಅಷ್ಟರೊಳಗೇ ಹಿಡಿಸಬೇಕು. ಅಂದರೆ ಪ್ರತಿಯೊಂದು ಪಟ್ಟಿಯೂ ಮೂತಿಗೆ ಬರುವಷ್ಟರಲ್ಲಿ 5ರಿಂದ 3 ಮಿಲಿಮೀಟರಿಗೆ ಇಳಿಯಬೇಕು, ಅದೂ ಒಂದೇ ಸಮನಾಗಿ ಇಳಿಯಬೇಕು. ಪಟ್ಟಿಯನ್ನು ಹಾಗೆ ಕೀಸುಳಿಯಲ್ಲಿ ಹೆರೆಯದೆ ಬಗ್ಗಿಸಿ ಅಂಟಿಸಿದರೆ ಅದು ಪಕ್ಕದ ಪಟ್ಟಿಯ ಮೇಲೆ ಹತ್ತುತ್ತದೆ, ಇಲ್ಲವೇ ಒಂದು ಅಂಚು ಮೇಲೆದ್ದು ನಿಲ್ಲುತ್ತದೆ. ಹಾಗೆಂದು ಅರ್ಧಕ್ಕಿಂತ ಹೆಚ್ಚು ಹೆರೆದರೆ ತುದಿಯಲ್ಲಿ ಮರ ಸೀಳುತ್ತದೆ. ಆಗ ಎರಡು ಪಟ್ಟಿಗಳನ್ನು ಒಂದಾಗಿ ಕೂಡಿಸುವ ಉಪಾಯ ಗೊತ್ತಿರಬೇಕು. ಹಿಂಬದಿಯಲ್ಲಿ ಇದಕ್ಕೆ ತದ್ವಿರುದ್ಧ: ಪಟ್ಟಿಗಳ ನಡುವೆ ಜಾಗ ಬಿಚ್ಚಿಕೊಳ್ಳುತ್ತದೆ, ಚೂಪು ತುಂಡುಗಳನ್ನು ಕತ್ತರಿಸಿ ಅಲ್ಲಿಗೆ ಕೂರಿಸಬೇಕು. ಇದಕ್ಕೂ ಮುಂಚೆ ಚೌಕಟ್ಟುಗಳ ಅಂಚನ್ನು ಒಡಲಿನ ಓಟಕ್ಕೆ ತಕ್ಕಂತೆ ಓರೆಯಾಗಿ ಉಜ್ಜಿರಬೇಕು, ಪಟ್ಟಿ ಪ್ರತಿ ಚೌಕಟ್ಟಿನ ಮೇಲೂ ಪೂರ್ತಿ ಅಂಚಿಗೆ ತಾಗಿ ಕೂರುವ ಹಾಗೆ. ನಕ್ಷೆಯಲ್ಲಿ ಈ ಕೆಲಸಕ್ಕೆ ಒಂದೆರಡು ಸಾಲಿನ ಸೂಚನೆ ಇದ್ದರೆ ಹೆಚ್ಚು. ಕೈಗೆ ಮಾತ್ರ ಅದು ಒಂದು ವಿದ್ಯೆ. ಪಟ್ಟಿಯನ್ನು ಬಿಸಿನೀರಿನಲ್ಲಿ ಎಷ್ಟು ಹೊತ್ತು ನೆನೆಸಬೇಕು, ಯಾವ ಹದಕ್ಕೆ ಬಂದಾಗ ಬಗ್ಗಿಸಬೇಕು, ಒಣಗುವ ತನಕ ಕ್ಲಿಪ್ ಹಾಕಿ ಏಕೆ ಬಿಡಬೇಕು, ಹಸಿಯಾಗಿರುವಾಗಲೇ ಅಂಟಿಸಿದರೆ ಒಣಗಿದ ಮೇಲೆ ಸಂದು ಏಕೆ ಬಿಡುತ್ತದೆ, ಇವೆಲ್ಲ ಓದಿದರೆ ತಿಳಿಯುತ್ತವೆ. ಆದರೆ ಬರುವುದು ಮಾಡಿದಾಗಲೇ.

ಈಗ ಈ ವಿದ್ಯೆಯನ್ನು ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆ. ಒಂದು ಸಣ್ಣ ದೋಣಿಯಲ್ಲಿ ಪಕ್ಕಕ್ಕೆ ಹತ್ತಾರು ಪಟ್ಟಿ ಇರುತ್ತವೆ. ಕೆಟ್ಟರೆ ಕಿತ್ತು ಮತ್ತೆ ಹಾಕಬಹುದು, ತೀರಾ ಕೆಟ್ಟರೆ ಇನ್ನೊಂದನ್ನು ಶುರುಮಾಡಬಹುದು. ವಿಕ್ಟರಿಯ ತೋಪಿನ ಅಟ್ಟಣೆಯ ಉದ್ದ ಸುಮಾರು 57 ಮೀಟರ್. 1:72ರ ಅಳತೆಯಲ್ಲಿ ಅದು 79 ಸೆಂಟಿಮೀಟರ್ ಆಗುತ್ತದೆ. ಮುಂಚಾಚಿದ ಮೂತಿಗಂಬವನ್ನೂ ಸೇರಿಸಿದರೆ ಊಟದ ಮೇಜಿನ ಮುಕ್ಕಾಲು ಭಾಗವನ್ನು ಅದೇ ಆಕ್ರಮಿಸುತ್ತದೆ. ಅಷ್ಟು ಉದ್ದದ ಒಡಲನ್ನು ಎರಡೂ ಪಕ್ಕ ಎರಡೆರಡು ಸಲ ಹೊದಿಸಬೇಕು. ಅದರ ಮೇಲೆ ನೀರಿನ ಮಟ್ಟದಿಂದ ಕೆಳಕ್ಕೆ ತಾಮ್ರದ ತಗಡು. ಅಸಲಿ ಹಡಗಿನಲ್ಲಿ ಅವು ನಾಲ್ಕು ಸಾವಿರದ ಹತ್ತಿರ ಇದ್ದವು, ಕಿಟ್ಟಿನಲ್ಲಿ ಒಂದೊಂದನ್ನೂ ಅಂಟಿಸಬೇಕಾದ ಪುಟ್ಟ ತುಣುಕುಗಳು. ಮೊದಲ ಹೊದಿಕೆಯಲ್ಲಿ ಉಳಿದ ಒಂದು ಉಬ್ಬು ಎರಡನೆಯ ಹೊದಿಕೆಯಲ್ಲಿ ಮರೆಯಾಗುವುದಿಲ್ಲ, ತಾಮ್ರದಲ್ಲಿ ಇನ್ನೂ ಎದ್ದು ಕಾಣುತ್ತದೆ. ಮೊದಲ ವಾರದ ಒರಟುತನ ವರ್ಷದ ಕೊನೆಗೆ ಬಯಲಾಗುತ್ತದೆ, ಆಗ ತಿದ್ದಲು ದಾರಿಯೇ ಇರುವುದಿಲ್ಲ.

ಒಡಲು ಹೇಗೋ ಆಯಿತು ಎಂದುಕೊಳ್ಳೋಣ. ಮುಂದೆ ತೋಪುಗಳು. ಟ್ರಫಾಲ್ಗರಿನಲ್ಲಿ ವಿಕ್ಟರಿಯ ಮೇಲೆ 104 ತೋಪುಗಳಿದ್ದವು. ಕೆಳ ಅಟ್ಟಣೆಗಳಲ್ಲಿ ಬರಿಯ ನಳಿಗೆಯ ತುದಿಯನ್ನಷ್ಟೇ ತೋರಿಸಿ ಹೆಚ್ಚಿನ ಕಿಟ್ಟುಗಳು ಕೆಲಸ ಉಳಿಸುತ್ತವೆ ನಿಜ. ಆದರೂ ಮೂವತ್ತು ತೋಪುಗಳನ್ನು ಪೂರ್ತಿಯಾಗಿ ಮಾಡಬೇಕೆಂದರೆ ಪ್ರತಿಯೊಂದಕ್ಕೂ ಎರಡು ಪಕ್ಕದ ಹಲಗೆ, ಎರಡು ಅಚ್ಚು, ನಾಲ್ಕು ಗಾಲಿ, ನಳಿಗೆಯ ಕೆಳಗೆ ಕೊಡುವ ಬೆಣೆ, ಸಿಡಿದಾಗ ಹಿಂದಕ್ಕೆ ನೆಗೆಯದಂತೆ ತಡೆಯುವ ದಪ್ಪ ಹಗ್ಗ, ಎಡಬಲಕ್ಕೆ ಎಳೆಯುವ ಎರಡು ಹಗ್ಗ, ಅವಕ್ಕೆ ನಾಲ್ಕು ರಾಟೆ. ಮೂವತ್ತಕ್ಕೆ ಬರಿಯ ರಾಟೆಗಳೇ 120. ಆಮೇಲೆ ಹಾಯಿಕಂಬದ ಹಗ್ಗ. ಅಸಲಿ ಹಡಗಿನಲ್ಲಿ ಸುಮಾರು 42 ಕಿಲೋಮೀಟರ್ ಹಗ್ಗವಿತ್ತು, 72ರಿಂದ ಭಾಗಿಸಿದರೂ ಐನೂರ ಎಂಬತ್ತು ಮೀಟರ್ ಚಿಲ್ಲರೆ. ನಾವಿಕರು ಹತ್ತುವ ಹಗ್ಗದ ಏಣಿಯೊಂದಕ್ಕೆ ಹತ್ತು ಎಳೆ, ಮೂವತ್ತು ಮೆಟ್ಟಿಲು ಎಂದಿಟ್ಟುಕೊಂಡರೆ 300 ಗಂಟು. ಎಡಬಲ ಸೇರಿದರೆ 600. ಕಂಬಗಳು ಮೂರು, ಅವುಗಳ ಮೇಲಿನ ಹಂತಗಳಿಗೂ ಏಣಿಗಳಿವೆ. ಗಂಟನ್ನು ಸ್ವಲ್ಪ ಹೆಚ್ಚು ಬಿಗಿದರೆ ಎಳೆಗಳೆರಡೂ ಒಳಕ್ಕೆ ಜಗ್ಗಿ ಏಣಿಗೆ ನಡು ಬರುತ್ತದೆ, ಸಡಿಲ ಬಿಟ್ಟರೆ ಮೆಟ್ಟಿಲು ಜೋಲುತ್ತದೆ. ದೊಡ್ಡ ಹಡಗಿನಲ್ಲಿ ಸಣ್ಣ ಹಡಗಿಗಿಂತ ಬೇರೆ ಬಗೆಯ ಕಷ್ಟ ಯಾವುದೂ ಇಲ್ಲ ಎಂಬುದನ್ನು ಗಮನಿಸಿ. ಇರುವುದು ಅದೇ ಕಷ್ಟ, ನೂರಾರು ಸಲ. ಗಂಟು ಹಾಕುವುದು ಬಲ್ಲವನಿಗೆ ಆರುನೂರು ಗಂಟು ಒಂದು ಬಗೆಯ ನೆಮ್ಮದಿಯ ಕೆಲಸ. ಗಂಟಿನ ಹದ ಇನ್ನೂ ಕೈಗೆ ಹತ್ತದವನಿಗೆ ಅದು ಆರುನೂರು ಸಲ ತನ್ನ ಸೋಲನ್ನು ತಾನೇ ನೋಡುವ ಶಿಕ್ಷೆ. ಅರ್ಧಕ್ಕೆ ನಿಂತ ವಿಕ್ಟರಿಗಳು ಹಳೆಯ ವಸ್ತುಗಳ ಮಾರಾಟದಲ್ಲಿ ಮತ್ತೆ ಮತ್ತೆ ಕಾಣಸಿಗುವುದು ಆಶ್ಚರ್ಯವಲ್ಲ. ಅವನ್ನು ಕೈಬಿಟ್ಟವರು ಸೋಮಾರಿಗಳೆಂದು ನಾನು ನಂಬುವುದಿಲ್ಲ. ಕಲಿಯುವ ಜಾಗದಲ್ಲಿ ಕಲಿಯುವ ಅವಕಾಶ ಅವರಿಗೆ ಯಾರೂ ತೋರಿಸಿಕೊಡಲಿಲ್ಲ, ಅಷ್ಟೇ.

ಅಸಲಿ ಹಡಗುಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ವಾಸಾ ಹಡಗಿನ ಕಥೆಯನ್ನು ನೀವು ಕೇಳಿರಬಹುದು. ರಾಜ ಗುಸ್ತಾವ್ ಅಡಾಲ್ಫ್‌ಗೆ ದೊಡ್ಡ ತೋಪುಗಳ ಎರಡು ಪೂರ್ಣ ಸಾಲು ಇರುವ ಹಡಗು ಬೇಕಿತ್ತು. ಸ್ಟಾಕ್‌ಹೋಮಿನಲ್ಲಿ ಅದನ್ನು ಕಟ್ಟಲು ಹೊಣೆ ಹೊತ್ತ ಹೆನ್ರಿಕ್ ಹೈಬರ್ಟ್‌ಸನ್ ಅನುಭವಿಯೇ, ಆದರೆ ಆ ಬಗೆಯ ಹಡಗಿನ ಅನುಭವ ಅವನಿಗಿರಲಿಲ್ಲ. ಕೆಲಸದ ನಡುವೆ 1627ರಲ್ಲಿ ಅವನು ತೀರಿಕೊಂಡ, ಉಳಿದವರು ಮುಗಿಸಿದರು. ಹಡಗು ಸ್ಥಿರವಾಗಿದೆಯೇ ಎಂದು ಪರೀಕ್ಷಿಸಲು 30 ಜನರನ್ನು ಡೆಕ್ಕಿನ ಮೇಲೆ ಈ ಪಕ್ಕದಿಂದ ಆ ಪಕ್ಕಕ್ಕೆ ಓಡಿಸಿದರು. ಹಡಗು ಮಗುಚುವ ಹಾಗೆ ವಾಲಾಡಿದ್ದರಿಂದ ಮೂರನೆಯ ಓಟಕ್ಕೇ ನಿಲ್ಲಿಸಬೇಕಾಯಿತು. ಆದರೂ ಯಾರೂ ರಾಜನಿಗೆ ಬೇಡವೆನ್ನಲಿಲ್ಲ. 1628ರ ಆಗಸ್ಟ್ 10ರಂದು ಹೊರಟ ಹಡಗು 1,300 ಮೀಟರ್ ಹೋಗುವಷ್ಟರಲ್ಲಿ ಗಾಳಿಗೆ ವಾಲಿ, ತೆರೆದ ತೋಪಿನ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. 1961ರಲ್ಲಿ ಅದನ್ನು ಮೇಲೆತ್ತಿದರು. ಮಾದರಿ ಕಟ್ಟುವವರು ಗಮನಿಸಲೇಬೇಕಾದ ಒಂದು ಸಂಗತಿ ಆಮೇಲಿನ ಅಧ್ಯಯನದಲ್ಲಿ ಹೊರಬಂತು. ಹಡಗಿನೊಳಗೆ ಸಿಕ್ಕ ಬಡಗಿಗಳ ಅಳತೆಕೋಲುಗಳಲ್ಲಿ ಎರಡು 12 ಇಂಚಿನ ಸ್ವೀಡಿಷ್ ಅಡಿಯವು, ಎರಡು 11 ಇಂಚಿನ ಆಮ್‌ಸ್ಟರ್‌ಡ್ಯಾಮ್ ಅಡಿಯವು. ಒಡಲಿನ ಎರಡು ಪಕ್ಕಗಳೂ ಸಮನಾಗಿಲ್ಲ. ಮಾದರಿಯ ಬಲಪಕ್ಕವನ್ನು ಪೂರ್ತಿ ಹೊದಿಸಿ ಆಮೇಲೆ ಎಡಪಕ್ಕಕ್ಕೆ ಕೈಹಾಕುವ ಹೊಸಬರ ಬೆನ್ನುಮರ ಬಿಲ್ಲಿನಂತೆ ಒಂದು ಕಡೆಗೆ ಬಾಗುವುದಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಪಟ್ಟಿಗಳನ್ನು ಎಡಕ್ಕೊಂದು ಬಲಕ್ಕೊಂದು ಹಾಕುತ್ತಾ ಹೋಗಬೇಕು, ಎರಡೂ ಪಕ್ಕವನ್ನು ಒಂದೇ ಕೋಲಿನಲ್ಲಿ ಅಳೆಯಬೇಕು.

ಇದಕ್ಕೆ ಎದುರಾಗಿ ಮುಂಬಯಿಯ ಉದಾಹರಣೆ ನಮ್ಮ ಕೈಯಳತೆಯಲ್ಲೇ ಇದೆ. ಲವ್ಜಿ ನಸರ್‌ವಾನ್‌ಜಿ ವಾಡಿಯಾ ಎಂಬ ಹಡಗು ಕಟ್ಟುವ ಬಡಗಿ 1736ರಲ್ಲಿ ಸೂರತ್ತಿನಿಂದ ಅಲ್ಲಿಗೆ ಬಂದ. ಅವನ ವಂಶದವರು ತಲೆಮಾರುಗಟ್ಟಲೆ ಅಲ್ಲಿಯ ಹಡಗುಕಟ್ಟೆಯಲ್ಲಿ ಕೆಲಸ ಮಾಡಿದರು. ಸಣ್ಣ ಹಡಗುಗಳಿಂದ ಫ್ರಿಗೇಟ್‌ಗಳಿಗೆ ಬಂದು, 1810ರಲ್ಲಿ 74 ತೋಪಿನ ಮಿಂಡೆನ್, 1821ರಲ್ಲಿ 84 ತೋಪಿನ ಗಂಜೀಸ್ ಕಟ್ಟುವ ಮಟ್ಟಕ್ಕೆ ಏರಿದರು. ನಡುವೆ 1817ರಲ್ಲಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ನೀರಿಗಿಳಿಸಿದ ಫ್ರಿಗೇಟ್ ಟ್ರಿಂಕೋಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಅದು ನಮ್ಮ ಪಶ್ಚಿಮ ಕರಾವಳಿಯ ಕಾಡುಗಳ ತೇಗದಿಂದ ಕಟ್ಟಿದ ಹಡಗು. ಒಂದು ಕುಟುಂಬ ಮೆಟ್ಟಿಲು ಮೆಟ್ಟಿಲಾಗಿ ಏರಿದ ಎತ್ತರ ಅದು, ಅದರ ಬಗ್ಗೆ ಕನ್ನಡದಲ್ಲಿ ಇಷ್ಟು ಕಡಿಮೆ ಬರೆದಿರುವುದು ಬೇಸರದ ಸಂಗತಿ.

ನಿಮ್ಮ ಆಕ್ಷೇಪಗಳು ನನಗೆ ಗೊತ್ತಿಲ್ಲದವಲ್ಲ. ಮೊದಲನೆಯದು: ನನಗೆ ಬೇಕಿರುವುದು ಯುದ್ಧನೌಕೆ, ಮೀನುಗಾರರ ದೋಣಿಯಲ್ಲ. ಇದು ನ್ಯಾಯವಾದ ಮಾತು. ಮನಸ್ಸಿಲ್ಲದ ಹಡಗನ್ನು ಯಾರೂ ಮುಗಿಸುವುದಿಲ್ಲ. ಆದರೆ ಯುದ್ಧನೌಕೆಯೆಂದರೆ ಮೂರು ಅಟ್ಟಣೆಯದೇ ಆಗಬೇಕಿಲ್ಲ. ಒಂದೇ ಹಾಯಿಕಂಬದ, ಹತ್ತು ಹನ್ನೆರಡು ತೋಪಿನ ಕಟರ್‌ಗಳೂ ನೌಕಾಪಡೆಯವೇ, ಕಾದಿದವೇ. ವ್ಯಾನ್‌ಗಾರ್ಡ್ ಮಾಡೆಲ್ಸ್‌ನವರ ಅಲರ್ಟ್, ಅಮಾಟಿಯವರ ಲೇಡಿ ನೆಲ್ಸನ್, ಎರಡೂ ಅಂಥ ಹಡಗಿನ ಕಿಟ್ಟುಗಳೇ, 1:64ರ ಅಳತೆಯಲ್ಲಿ ಸಿಗುತ್ತವೆ. ಹೊದಿಕೆ, ತೋಪಿನ ಗಾಡಿ, ಹಗ್ಗದ ಏಣಿ ಎಲ್ಲವೂ ಅವುಗಳಲ್ಲಿವೆ, ಕೈ ಸೋಲದಷ್ಟು ಸಂಖ್ಯೆಯಲ್ಲಿ. ಇನ್ನೂ ಬುಡದಿಂದ ಕಲಿಯುವವರಿಗೆ ಮಾಡೆಲ್ ಶಿಪ್‌ವೇಸ್‌ನವರು ಒಂದಾದ ಮೇಲೊಂದು ಕಟ್ಟಲೆಂದೇ ಮೂರು ದೋಣಿಗಳ ಸರಣಿ ಮಾಡಿದ್ದಾರೆ: ಲೊವೆಲ್ ಡೋರಿ, ನಾರ್ವೆಯ ಹಾಯಿದೋಣಿ, ಮಸ್ಕಾಂಗಸ್ ಕೊಲ್ಲಿಯ ಲಾಬ್‌ಸ್ಟರ್ ದೋಣಿ.

ಎರಡನೆಯದು ನಿವೃತ್ತರಾದವರ ಮಾತು: ನನಗೆ ವಯಸ್ಸಾಗಿದೆ, ಸಣ್ಣದರಲ್ಲಿ ಕಾಲ ಕಳೆಯಲು ಸಮಯವೆಲ್ಲಿ? ಈ ಮಾತಿನ ಹಿಂದಿನ ಆತುರ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಆದರೆ ಲೆಕ್ಕ ಹಾಕಿ ನೋಡಿ. ಸಣ್ಣ ಹಡಗಿಗೆ ಕೆಲವು ತಿಂಗಳು ಹೋಗಬಹುದು. ಒಂದು ಪಟ್ಟಿಯನ್ನು ಹೆರೆದು, ಬಗ್ಗಿಸಿ, ಕೂರಿಸಲು ಹೊಸಬರಿಗೆ ಹಿಡಿಯುವ ಸಮಯ ಪಳಗಿದ ಕೈಗೆ ಹಿಡಿಯುವುದಕ್ಕಿಂತ ಎಷ್ಟೋ ಹೆಚ್ಚು, ದೊಡ್ಡ ಹಡಗಿನಲ್ಲಿ ಅಂಥ ಪಟ್ಟಿಗಳು ನೂರಾರು. ಕಿತ್ತು ಹಾಕುವ ಸಮಯವನ್ನೂ ಸೇರಿಸಿದರೆ ಸಣ್ಣ ಹಡಗಿಗೆ ಕೊಟ್ಟ ತಿಂಗಳುಗಳು ದೊಡ್ಡದರ ಒಡಲು ಮುಗಿಯುವ ಮುಂಚೆಯೇ ವಾಪಸು ಬರುತ್ತವೆ. ಇದರ ಜೊತೆಗೆ, ಮುಗಿದ ಒಂದು ಹಡಗು ಮನೆಯಲ್ಲಿ ಇರುತ್ತದೆ.

ಈಗ ಲೇಸರಿನಲ್ಲಿ ಕತ್ತರಿಸಿದ ಭಾಗಗಳು ಬರುತ್ತವೆ, ಕಂತು ಕಂತಾಗಿ ಬರುವ ಕಿಟ್ಟುಗಳೂ ಇವೆ, ಅವುಗಳಲ್ಲಿ ಹೆಜ್ಜೆ ಹೆಜ್ಜೆಗೂ ಚಿತ್ರವಿದೆ, ಇನ್ನೇನು ತೊಂದರೆ ಎನ್ನುವವರಿದ್ದಾರೆ. ಚೌಕಟ್ಟುಗಳು ಕರಾರುವಾಕ್ಕಾಗಿ ಕೂರುವುದಕ್ಕೆ ಲೇಸರಿನಿಂದ ತುಂಬಾ ಅನುಕೂಲವಾಗಿದೆ, ಒಪ್ಪುತ್ತೇನೆ. ಪಟ್ಟಿಯ ತಿರುಚನ್ನು ಮಾತ್ರ ಅದು ಕಲಿಸದು. ಕಂತಿನ ಕಿಟ್ಟುಗಳ ತೊಂದರೆಯೇ ಬೇರೆ. ನೂರಕ್ಕೂ ಮಿಕ್ಕಿದ ಕಂತುಗಳಲ್ಲಿ ಬರುವ ಹಡಗಿನಲ್ಲಿ ಮುಂದೇನು ಬರಲಿದೆ ಎಂಬುದು ಕಟ್ಟುವವರ ಕಣ್ಣೆದುರು ಇರುವುದಿಲ್ಲ. ಹತ್ತನೆಯ ಕಂತಿನ ಓರೆ ಎಂಬತ್ತನೆಯ ಕಂತಿನ ಕಿಂಡಿಯನ್ನು ಹೇಗೆ ಕೆಡಿಸುತ್ತದೆ ಎಂದು ಮೊದಲೇ ಊಹಿಸಲು ಒಂದು ಹಡಗನ್ನಾದರೂ ಆದಿಯಿಂದ ಅಂತ್ಯದವರೆಗೆ ನೋಡಿರಬೇಕು. ನಕ್ಷೆಯನ್ನು ಪ್ರಶ್ನಿಸುವ ಧೈರ್ಯ ಬರುವುದೂ ಆಮೇಲೆಯೇ. ಹಳೆಯ ವಾಸಾ ಮಾದರಿಗಳು ನೀಲಿ ಬಣ್ಣ, ಚಿನ್ನದ ಕೆತ್ತನೆ ತೋರಿಸುತ್ತವೆ. ಮರದಲ್ಲಿ ಉಳಿದ ಬಣ್ಣದ ಕಣಗಳನ್ನು ಪರೀಕ್ಷಿಸಿದ ಮೇಲೆ ಹಿನ್ನೆಲೆ ಕೆಂಪಾಗಿತ್ತೆಂದೂ, ಶಿಲ್ಪಗಳಿಗೆ ಬಗೆಬಗೆಯ ಬಣ್ಣ ಬಳಿದಿದ್ದರೆಂದೂ ತಿಳಿದುಬಂತು. ಕಿಟ್ಟಿನ ಪೆಟ್ಟಿಗೆಯನ್ನೇ ಪ್ರಮಾಣವೆಂದು ನಂಬಿದವರ ಹಡಗು ಇನ್ನೂ ನೀಲಿಯಾಗಿಯೇ ಇದೆ.

ಇನ್ನು, ಮೊದಲ ಹಡಗಾಗಿಯೇ ವಿಕ್ಟರಿಯನ್ನು ಸೊಗಸಾಗಿ ಮುಗಿಸಿದವರಿಲ್ಲವೇ ಎಂದರೆ, ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಮರಗೆಲಸವೋ, ಗಡಿಯಾರ ರಿಪೇರಿಯೋ, ಕಸೂತಿಯೋ ಮೊದಲೇ ಕೈಗೆ ಬಂದಿರುತ್ತದೆ, ಇಲ್ಲವೇ ಅಂಟಿಸಿದ್ದನ್ನು ಪೂರ್ತಿ ಕಿತ್ತು ಹೊಸದಾಗಿ ತೊಡಗುವ ಅಪರೂಪದ ಸ್ಥೈರ್ಯ ಇರುತ್ತದೆ. ನೀವು ಆ ಪೈಕಿಯವರಾಗಿದ್ದರೆ ಈ ಪತ್ರ ನಿಮ್ಮನ್ನು ತಡೆಯುವುದಿಲ್ಲ.

ಕೆಲವು ಬೇಡಿಕೆಗಳಿವೆ, ದಯವಿಟ್ಟು ನಡೆಸಿಕೊಡಿ. ಕಿಟ್ ಕೊಳ್ಳುವ ಮುಂಚೆ ಅದರ ಸೂಚನೆಯ ಪುಸ್ತಕ ಸಿಗುವುದಾದರೆ ಪೂರ್ತಿ ಓದಿ, ಅರ್ಥವಾಗದ ಪುಟಗಳಿಗೆ ಗುರುತು ಹಾಕಿ. ನಮ್ಮ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ತೇವ ಕುಡಿದ ಪಟ್ಟಿಯನ್ನು ಅಂಟಿಸಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಹತ್ತಿಯ ದಾರ ತೇವಕ್ಕೆ ಬಿಗಿದು, ಒಣಗಿದಾಗ ಜೋಲುತ್ತದೆ. ಹಾಗಾಗಿ ಒಡಲಿನ ಕೆಲಸವನ್ನು ಒಣ ತಿಂಗಳುಗಳಲ್ಲಿ ಇಟ್ಟುಕೊಳ್ಳಿ, ಹಗ್ಗಕ್ಕೆ ಪಾಲಿಯೆಸ್ಟರ್ ದಾರ ಬಳಸಿ. ಗಾಜಿನ ಪೆಟ್ಟಿಗೆಯ ಖರ್ಚನ್ನು ಕಿಟ್ಟಿನ ಖರ್ಚಿನ ಜೊತೆಗೇ ಎಣಿಸಿ, ಏಕೆಂದರೆ ಹಗ್ಗಗಳ ನಡುವೆ ಕೂತ ಧೂಳನ್ನು ಯಾವ ಕುಂಚವೂ ಪೂರ್ತಿ ತೆಗೆಯಲಾರದು. ಹಾಯಿಕಂಬ ಹೆರೆಯುವುದನ್ನು ಕಿಟ್ಟಿನ ಮರದಲ್ಲಿ ಕಲಿಯಬೇಡಿ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರದ ಎಳೆ ನಯ, ಅದರ ಕಡ್ಡಿಗಳು ಸಿಕ್ಕರೆ ಅಭ್ಯಾಸಕ್ಕೆ ಒಪ್ಪುತ್ತವೆ.

ಉಡುಗೊರೆ ಕೊಡಲು ಹೊರಟಿರುವ ಮಕ್ಕಳಲ್ಲಿ, ಸೊಸೆ ಅಳಿಯಂದಿರಲ್ಲಿ, ವಿದೇಶದಿಂದ ಪೆಟ್ಟಿಗೆ ತರಲಿರುವವರಲ್ಲಿ ಒಂದು ವಿನಂತಿ. ಅಪ್ಪನ ಅರವತ್ತನೆಯ ಹುಟ್ಟುಹಬ್ಬಕ್ಕೆ ಅಂಗಡಿಯಲ್ಲಿದ್ದ ಅತಿ ದೊಡ್ಡ ಹಡಗನ್ನು ಆರಿಸುವುದು ಪ್ರೀತಿಯಿಂದಲೇ, ಆದರೆ ಅದು ಅವರ ಹೆಗಲ ಮೇಲೆ ಒಂದು ಹೊಣೆಯನ್ನೂ ಇಡುತ್ತದೆ. ಮಗ ತಂದುಕೊಟ್ಟದ್ದು ಮುಗಿಯಲಿಲ್ಲವಲ್ಲ ಎಂಬ ಸಂಕೋಚ ಅವರನ್ನು ಆ ಮೇಜಿನಿಂದಲೇ ದೂರ ಮಾಡಬಹುದು. ಒಂದು ಕಟರ್ ಹಡಗಿನ ಕಿಟ್, ಒಳ್ಳೆಯ ಚಾಕು, ಸಣ್ಣ ಕೀಸುಳಿ, ನಾಲ್ಕು ಬಗೆಯ ಸ್ಯಾಂಡ್‌ಪೇಪರ್, ಒಂದು ಡಜನ್ ಕ್ಲಿಪ್, ಬೆಳಕು ಸರಿಯಾಗಿ ಬೀಳುವ ಮೇಜುದೀಪ ಕೊಡಿ. ದೊಡ್ಡ ಹಡಗನ್ನು ಅವರು ತಾವಾಗಿ ಕೇಳುವ ತನಕ ಕಾಯಿರಿ.

ಈಗಾಗಲೇ ದೊಡ್ಡ ಪೆಟ್ಟಿಗೆ ಮನೆಗೆ ಬಂದಿದ್ದರೆ ಅದನ್ನು ಮಾರಬೇಡಿ, ನಾಚಿಕೊಳ್ಳಲೂ ಬೇಡಿ. ಭಾಗಗಳ ಪಟ್ಟಿ ಹಿಡಿದು ಎಲ್ಲವೂ ಇದೆಯೇ ಎಂದು ಈಗಲೇ ಎಣಿಸಿ, ಕೊರತೆ ಇದ್ದರೆ ಕಂಪನಿಗೆ ಬರೆಯಿರಿ, ವರ್ಷಗಳ ನಂತರ ಆ ಭಾಗ ಸಿಗದೆ ಹೋಗಬಹುದು. ಪಟ್ಟಿಗಳನ್ನು ಸಮತಟ್ಟಾಗಿ ಮಲಗಿಸಿ, ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ ಹಾಕಿ, ಗೆದ್ದಲು ತಾಗದ ಎತ್ತರದ ಕಪಾಟಿನಲ್ಲಿಡಿ. ನಕ್ಷೆಗಳನ್ನಷ್ಟೇ ಹೊರಗಿಟ್ಟುಕೊಂಡು, ಸಣ್ಣ ಹಡಗಿನ ಕೆಲಸ ನಡೆದಿರುವಾಗ ಬಿಡುವಿದ್ದಾಗಲೆಲ್ಲ ನೋಡುತ್ತಿರಿ. ಸಣ್ಣದು ಮುಗಿದ ವಾರವೇ ದೊಡ್ಡದರ ಬೆನ್ನುಮರವನ್ನು ಹೊರತೆಗೆದು, ಒಂದು ನೇರವಾದ ಹಲಗೆಯ ಮೇಲಿಟ್ಟು, ಅದು ಬಾಗಿದೆಯೇ ಎಂದು ಪರೀಕ್ಷಿಸಿ ಕೆಲಸ ಶುರುಮಾಡಿ.



ಇಂತಿ ನಿಮ್ಮ ವಿಶ್ವಾಸಿ,
ಮರದ ಹಡಗುಗಳ ಒಬ್ಬ ಹಿತೈಷಿ